ಕಲ್ಲಿನ ಬರಹ ಓದಿದ ಬಿ. ಎಲ್. ರೈಸ್

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ದಾರಿ ನಂಜನಗೂಡನ್ನು ದಾಟಿದ ಮೇಲೆ ಕವಲೊಡೆಯುತ್ತದೆ. ಒಂದು ಕವಲು ಗುಂಡ್ಲುಪೇಟೆಯ ಕಡೆಗೂ ಮತ್ತೊಂದು ಚಾಮರಾಜನಗರದ ಕಡೆಗೂ ಸಾಗುತ್ತವೆ. ಈ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಅಂಗಳದಲ್ಲಿಯೋ, ಕೆರೆಯ ಏರಿಯ ಮೇಲೋ, ಹೊಲದ ಬದುವಿನಲ್ಲಿಯೋ ಬರಹವಿರುವ ಹಳೆಯ ಕಲ್ಲುಗಳು ಕಾಣಸಿಗುತ್ತವೆ. ಕೆಲವು ಕಲ್ಲುಗಳ ನೆತ್ತಿಯಲ್ಲಿ ಸೂರ್ಯಚಂದ್ರರ ಚಿತ್ರಗಳಿರುತ್ತವೆ. ಸೂರ್ಯಚಂದ್ರರಿರುವವರೆಗೂ ತಾನು ಕೊಟ್ಟ ದಾನ ನಡೆದುಬರಲಿ ಎಂಬುದು ಅದನ್ನು ನೆಡಿಸಿದವನ ಆಶಯ. ಇವುಗಳನ್ನೇ ನಾವು ಶಾಸನಗಳೆಂದು ಕರೆಯುತ್ತೇವೆ.

ಒಂದೂವರೆ ಶತಮಾನದ ಹಿಂದೆ ಈ ಕಲ್ಲುಗಳನ್ನು ಓದಬಲ್ಲವರು ಬಹಳ ವಿರಳವಾಗಿದ್ದರು. ಕಾಲ ಕಳೆದಂತೆ ಲಿಪಿಯ ರೂಪ ಬದಲಾಗಿತ್ತು, ಭಾಷೆಯೂ ಬದಲಾಗಿತ್ತು. ಅಕ್ಷರ ಬಲ್ಲವರಿಗೂ ಕಲ್ಲಿನ ಅಕ್ಷರಗಳು ಅಪರಿಚಿತವಾಗಿದ್ದವು. ಕಲ್ಲಿನ ಕೆಳಗೆ ನಿಧಿಯಿದೆ, ಅದರ ಗುರುತನ್ನೇ ಮೇಲೆ ಬರೆದಿದ್ದಾರೆ ಎಂಬ ನಂಬಿಕೆಯಿಂದ ಕೆಲವು ಕಲ್ಲುಗಳನ್ನು ಕಿತ್ತು ಒಡೆದುದುಂಟು. ಬಟ್ಟೆ ಒಗೆಯುವ ಬಂಡೆಯಾಗಿ, ಕಾಲುವೆಯ ಮೇಲಿನ ಹಾಸುಗಲ್ಲಾಗಿ, ಮನೆಯ ಮೆಟ್ಟಿಲಾಗಿ ಸವೆದುಹೋದವೂ ಉಂಟು. ಹೀಗೆ ನಾಡಿನ ಚರಿತ್ರೆ ಜನರ ಕಣ್ಣೆದುರಿಗೇ ಇದ್ದು, ಜನರಿಗೇ ತಿಳಿಯದೆ ಅಳಿಯುತ್ತಿತ್ತು. ಆ ಬರಹಗಳನ್ನು ಊರೂರಿಗೆ ಹೋಗಿ ಸಂಗ್ರಹಿಸಿ, ಓದಿ, ಅಚ್ಚುಹಾಕಿಸಿ, ಮತ್ತೆ ಅದೇ ಜನರ ಕೈಗೆ ಇತ್ತವರು ಬೆಂಜಮಿನ್ ಲೂಯಿಸ್ ರೈಸ್. ಕನ್ನಡಿಗರು ಅವರನ್ನು ಶಾಸನ ಪಿತಾಮಹರೆಂದು ಗೌರವಿಸುತ್ತಾರೆ.

ರೈಸರು ಹುಟ್ಟಿದ್ದು 1837ನೆಯ ಇಸವಿ ಜುಲೈ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಅವರ ತಂದೆ ಲಂಡನ್ ಮಿಷನ್ನಿನ ಪಾದ್ರಿಯಾಗಿದ್ದರು. ಆ ಹಿರಿಯರು ಕನ್ನಡವನ್ನು ಚೆನ್ನಾಗಿ ಕಲಿತು, ಬೆಂಗಳೂರಿನ ಜನರ ನಡುವೆ ದೀರ್ಘಕಾಲ ಬಾಳಿದರು. ನಗರದ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಅವರ ನೆನಪನ್ನು ಉಳಿಸಿದೆ. ಇಂಥ ಮನೆಯಲ್ಲಿ ಬೆಳೆದ ಬಾಲಕನಿಗೆ ಕನ್ನಡವು ಪರಭಾಷೆಯಾಗಿ ತೋರಲಿಲ್ಲ. ಅವರ ತಮ್ಮ ಎಡ್ವರ್ಡ್ ಪೀಟರ್ ರೈಸರೂ ಮುಂದೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಹೆಸರಾದರು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ರೈಸರು 1860ರಲ್ಲಿ ಬೆಂಗಳೂರಿಗೆ ಮರಳಿದರು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಬೆಂಗಳೂರಿನ ಹೈಸ್ಕೂಲಿನ ಮುಖ್ಯಸ್ಥರಾಗಿ ಅವರು ಕೆಲಸ ಆರಂಭಿಸಿದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರರಾದರು. ಮುಂದೆ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಹೀಗೆ ಶಾಸನಗಳ ಕೆಲಸಕ್ಕೆ ಕೈಹಾಕುವ ಮುನ್ನ ಅವರು ಉಪಾಧ್ಯಾಯರಾಗಿದ್ದರು, ಶಾಲೆಗಳ ಮೇಲ್ವಿಚಾರಕರಾಗಿದ್ದರು. ಈ ಸಂಗತಿಯನ್ನು ಮರೆತರೆ ಅವರ ಮುಂದಿನ ಕಾರ್ಯದ ಸ್ವರೂಪ ನಮಗೆ ಪೂರ್ತಿಯಾಗಿ ಅರ್ಥವಾಗುವುದಿಲ್ಲ.

ಆ ಕಾಲದಲ್ಲಿ ಸರ್ಕಾರದ ಶಾಲೆಗಳು ಬಹುಮಟ್ಟಿಗೆ ಪಟ್ಟಣಗಳಲ್ಲಿ ಮಾತ್ರ ಇದ್ದವು. ಹಳ್ಳಿಯ ಮಕ್ಕಳ ಪಾಲಿಗೆ ಅವು ದೂರದ ಮಾತಾಗಿದ್ದವು. ಒಂದೊಂದು ಹೋಬಳಿಗೂ ಒಂದೊಂದು ಶಾಲೆ ಇರಬೇಕು, ಅಲ್ಲಿ ಪಾಠ ಕನ್ನಡದಲ್ಲಿ ನಡೆಯಬೇಕು, ಉಪಾಧ್ಯಾಯರಿಗೆ ತಕ್ಕ ತರಬೇತಿ ದೊರೆಯಬೇಕು ಎಂಬ ಯೋಜನೆಯನ್ನು ರೈಸರು 1868ರಲ್ಲಿ ಮುಂದಿಟ್ಟರು. ಹೋಬಳಿ ಶಾಲೆಗಳ ಯೋಜನೆಯೆಂದು ಅದು ಪ್ರಸಿದ್ಧವಾಯಿತು. ವಿದ್ಯೆಯು ಕೆಲವರ ಸೊತ್ತಾಗಿ ಉಳಿಯದೆ ಹಳ್ಳಿಯ ಜನರಿಗೂ ಅವರ ಭಾಷೆಯಲ್ಲೇ ದೊರೆಯಬೇಕೆಂಬುದು ಅದರ ತಿರುಳು. 1882ರಲ್ಲಿ ಭಾರತ ಸರ್ಕಾರ ನೇಮಿಸಿದ ಶಿಕ್ಷಣ ಆಯೋಗಕ್ಕೆ ಅವರನ್ನು ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು.

ಶಾಲೆಗಳನ್ನು ನೋಡಲು ರೈಸರು ಸಂಸ್ಥಾನದ ಮೂಲೆಮೂಲೆಗೂ ಸಂಚರಿಸಬೇಕಾಗಿತ್ತು. ಆಗಿನ ದಾರಿಗಳಲ್ಲಿ ಕುದುರೆ ಮತ್ತು ಎತ್ತಿನ ಗಾಡಿಗಳೇ ಪ್ರಯಾಣದ ಸಾಧನಗಳು. ಒಂದೂರಿನಿಂದ ಇನ್ನೊಂದೂರಿಗೆ ಹೋಗುವಾಗ ದಾರಿಬದಿಯಲ್ಲಿ ನಿಂತ ಬರಹದ ಕಲ್ಲುಗಳು ಅವರ ಮನಸ್ಸನ್ನು ಸೆಳೆದವು. ಇದೇ ಸಮಯದಲ್ಲಿ ಇನ್ನೊಂದು ಅನುಕೂಲವೂ ಒದಗಿತು. ಕಮಿಷನರಾಗಿದ್ದ ಬೌರಿಂಗ್ ಅವರ ಅಪ್ಪಣೆಯಂತೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ 1865ರಲ್ಲಿ ಹಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅರ್ಥ ತಿಳಿಸುವ ಹೊಣೆ ರೈಸರ ಪಾಲಿಗೆ ಬಂದಿತು. ನಾಡಿನ ಪಂಡಿತರ ನೆರವನ್ನು ಪಡೆದು ಅವರು ಅಕ್ಷರ ಅಕ್ಷರವನ್ನೂ ಬಿಡಿಸಿಕೊಂಡು ಓದಿದರು. ಆ ಶ್ರಮದ ಫಲವೇ 1879ರಲ್ಲಿ ಪ್ರಕಟವಾದ ಮೈಸೂರು ಶಾಸನಗಳು ಎಂಬ ಗ್ರಂಥ. ಅದಕ್ಕೆ ತುಸು ಮೊದಲು ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನೂ ಅವರು ರಚಿಸಿದ್ದರು. ನಾಡಿನ ನದಿ, ಬೆಟ್ಟ, ಬೆಳೆ, ಜನಜೀವನ, ಊರುಗಳ ವೃತ್ತಾಂತ ಎಲ್ಲವೂ ಅದರಲ್ಲಿ ಅಡಕವಾಗಿದ್ದವು.

ಆದರೆ 1879ರ ಗ್ರಂಥ ಶಾಸನಗಳ ಇಂಗ್ಲಿಷ್ ಅನುವಾದಗಳ ಸಂಗ್ರಹವಾಗಿತ್ತು. ಅದನ್ನು ಓದಬಲ್ಲವರು ಕೆಲವರೇ. ಅನುವಾದ ಸರಿಯೋ ತಪ್ಪೋ ಎಂದು ನೋಡಬೇಕಾದರೆ ಮೂಲ ಓದುಗರ ಮುಂದಿರಬೇಕಷ್ಟೆ. ಮುಂದಿನ ಮಹಾಕಾರ್ಯದಲ್ಲಿ ರೈಸರು ಬೇರೆಯ ದಾರಿಯನ್ನು ಹಿಡಿದರು.

1881ರಲ್ಲಿ ಮೈಸೂರಿನ ಆಡಳಿತ ಮತ್ತೆ ಒಡೆಯರ ವಂಶಕ್ಕೆ ಬಂದಿತು. 1885ರಲ್ಲಿ ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಅದರ ಭಾರವನ್ನು ರೈಸರು ಹೊತ್ತರು. ಮರುವರ್ಷವೇ ಕೊಡಗಿನ ಶಾಸನಗಳ ಸಂಪುಟ ಹೊರಬಂದಿತು. ಎಪಿಗ್ರಾಫಿಯ ಕರ್ನಾಟಿಕ ಎಂಬ ಮಹಾಮಾಲೆಯ ಮೊದಲ ಸಂಪುಟ ಅದು. 1889ರಲ್ಲಿ ಶ್ರವಣಬೆಳಗೊಳದ ಶಾಸನಗಳು ಎರಡನೆಯ ಸಂಪುಟವಾಗಿ ಬಂದವು. ಅಲ್ಲಿಂದ ಮುಂದೆ ಜಿಲ್ಲೆಯಿಂದ ಜಿಲ್ಲೆಗೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಕೆಲಸ ಸಾಗಿತು. 1905ರ ವೇಳೆಗೆ ಹನ್ನೆರಡು ಸಂಪುಟಗಳು ಪೂರ್ಣಗೊಂಡವು. ಅವುಗಳಲ್ಲಿ ಸೇರಿದ ಶಾಸನಗಳ ಸಂಖ್ಯೆ ಸುಮಾರು 9,000.

ಈ ಸಂಖ್ಯೆಯ ಹಿಂದಿರುವ ದುಡಿಮೆ ಎಂಥದೆಂದು ಊಹಿಸಬೇಕು. ಮೊದಲು ಕಲ್ಲು ಎಲ್ಲಿದೆಯೆಂದು ಊರಿನವರನ್ನು ಕೇಳಿ ತಿಳಿಯಬೇಕು. ಮಣ್ಣಿನಲ್ಲಿ ಹೂತಿದ್ದರೆ ಅಗೆದು ತೆಗೆಯಬೇಕು. ಪಾಚಿ, ಸುಣ್ಣ, ಎಣ್ಣೆಯ ಜಿಡ್ಡು ಕಟ್ಟಿದ್ದರೆ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ, ಕುಂಚದಿಂದ ಮೆಲ್ಲನೆ ತಟ್ಟಿ, ಅಕ್ಷರದ ಕುಳಿಗಳಿಗೆ ಕಾಗದ ಇಳಿಯುವಂತೆ ಮಾಡಬೇಕು. ಅನಂತರ ಮಸಿಯ ಉಂಡೆಯಿಂದ ಒತ್ತಿದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿಯಾಗಿಯೂ ಮೂಡುತ್ತವೆ. ಇದೇ ಶಾಸನದ ಪಡಿಯಚ್ಚು. ಅದನ್ನು ಮುಂದಿಟ್ಟುಕೊಂಡು ಲಿಪಿಯನ್ನು ಓದಿ, ಸವೆದ ಅಕ್ಷರಗಳನ್ನು ಊಹಿಸಿ, ಕಾಲವನ್ನು ಗೊತ್ತುಮಾಡಬೇಕು. ಶಾಸನಗಳಲ್ಲಿ ಕಾಲವನ್ನು ಸಾಮಾನ್ಯವಾಗಿ ಶಕವರ್ಷದಲ್ಲಿ ಹೇಳಿರುತ್ತಾರೆ. ಅದಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಶಕ 1039 ಎಂದರೆ ಕ್ರಿ.ಶ. 1117. ಕನ್ನಡದ ಜೊತೆಗೆ ಸಂಸ್ಕೃತ, ತಮಿಳು ಶಾಸನಗಳನ್ನೂ ಓದಬೇಕಾಗಿತ್ತು. ಇವೆಲ್ಲವೂ ಒಬ್ಬರಿಂದ ಆಗುವ ಕೆಲಸವಲ್ಲ. ಹಳ್ಳಿಯ ಬಿಸಿಲಿನಲ್ಲಿ ನಿಂತು ಅಚ್ಚು ತೆಗೆದ ಸಹಾಯಕರೂ, ಕಚೇರಿಯಲ್ಲಿ ಕುಳಿತು ಪಾಠವನ್ನು ತಿದ್ದಿದ ಪಂಡಿತರೂ ಅದರಲ್ಲಿ ಪಾಲುಗಾರರು.

ಈ ಮಾಲೆಯ ನಾಲ್ಕನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ಮೊದಲಾದ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಂದು ಮೈಸೂರು ಜಿಲ್ಲೆಗೆ ಸೇರಿದ್ದ ಈ ಮೂರು ತಾಲ್ಲೂಕುಗಳು 1997ರಿಂದ ಚಾಮರಾಜನಗರ ಜಿಲ್ಲೆಯ ಭಾಗವಾಗಿವೆ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಪರವಾಸುದೇವನ ದೇವಾಲಯವನ್ನು ಕಟ್ಟಿಸಿದ ಊರು ಗುಂಡ್ಲುಪೇಟೆ. ಅದಕ್ಕೆ ಹಿಂದೆ ವಿಜಯಪುರವೆಂಬ ಹೆಸರಿತ್ತು. ಅದೇ ತಾಲ್ಲೂಕಿನ ತೆರಕಣಾಂಬಿ ಹಳೆಯ ಕಾಲದಲ್ಲಿ ದೊಡ್ಡ ಪಟ್ಟಣವಾಗಿತ್ತು. ಇಂಥ ಊರುಗಳ ಜನ ತಲೆತಲಾಂತರದಿಂದ ಕಥೆಗಳಾಗಿ ಕೇಳುತ್ತ ಬಂದುದಕ್ಕೆ, ಕಲ್ಲಿನ ಮೇಲಿನ ಕಾಲ, ಹೆಸರು, ದಾನಗಳ ಆಧಾರವನ್ನು ಆ ಸಂಪುಟ ಒದಗಿಸಿತು.

ಒಂದು ಉದಾಹರಣೆಯನ್ನು ನೋಡಬಹುದು. ಚಾಮರಾಜನಗರಕ್ಕೆ ಆ ಹೆಸರು ಬಂದದ್ದು 1818ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರಿಗೆ ಅವರ ಹೆಸರನ್ನಿಟ್ಟರು. ಅದಕ್ಕೆ ಮೊದಲು ಅದು ಅರಿಕುಠಾರವೆಂದು ಕರೆಸಿಕೊಳ್ಳುತ್ತಿತ್ತು. ಆ ಊರಿನ ಪಾರ್ಶ್ವನಾಥ ಬಸದಿಯಲ್ಲಿ ಒಂದು ಶಾಸನವಿದೆ. ರೈಸರ ಸಂಪುಟದಲ್ಲಿ ಅದು ಚಾಮರಾಜನಗರ ತಾಲ್ಲೂಕಿನ 83ನೆಯ ಶಾಸನ. ಅದರ ಕಾಲ ಕ್ರಿ.ಶ. 1117. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿದ್ದ ಪುಣಿಸನು ಇಲ್ಲಿ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಊರಿನ ಹೆಸರು ಅದರಲ್ಲಿ ಅರಕೊಟ್ಟಾರವೆಂದಿದೆ. ಪುಣಿಸನು ತೊದವರನ್ನು ಬೆದರಿಸಿ, ಕೊಂಗರನ್ನು ಓಡಿಸಿ, ನೀಲಾದ್ರಿಯನ್ನು ಹೊಕ್ಕು ವಶಪಡಿಸಿಕೊಂಡನೆಂದು ಶಾಸನ ಸಾರುತ್ತದೆ. ನೀಲಗಿರಿಯ ಹೆಸರೂ ಅಲ್ಲಿನ ತೊದವರ ಹೆಸರೂ ಚರಿತ್ರೆಯಲ್ಲಿ ಕಾಣುವ ಬಹು ಹಳೆಯ ಉಲ್ಲೇಖ ಇದೇ ಎಂದು ವಿದ್ವಾಂಸರು ಇದಕ್ಕೆ ಬೆಲೆ ಕೊಟ್ಟಿದ್ದಾರೆ.

ಆದರೆ ಆ ಶಾಸನದಲ್ಲಿ ಯುದ್ಧದ ಮಾತಷ್ಟೇ ಇಲ್ಲ. ವ್ಯಾಪಾರದಲ್ಲಿ ಸೋತು ಕೈಬರಿದಾದ ವರ್ತಕನಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ನೆಲೆ ಕಳೆದುಕೊಂಡ ಬೇಡ ನಾಯಕನಿಗೆ ಪುಣಿಸನು ಕಳೆದುಹೋದುದನ್ನು ಕೊಟ್ಟು ಸಲಹಿದನೆಂದೂ ಅದು ಹೇಳುತ್ತದೆ. ಒಂಬೈನೂರು ವರ್ಷಗಳ ಹಿಂದೆ ಈ ನೆಲದಲ್ಲಿ ಬೀಜವಿಲ್ಲದೆ ಕಂಗೆಟ್ಟ ರೈತನಿದ್ದ, ಅವನ ಕಷ್ಟವನ್ನು ಕಲ್ಲಿನ ಮೇಲೆ ನೆನೆಯುವಷ್ಟು ಮುಖ್ಯವೆಂದು ಒಬ್ಬರು ಭಾವಿಸಿದ್ದರು ಎಂಬುದು ಈ ಕಲ್ಲಿನಿಂದಲ್ಲದೆ ಬೇರೆ ಯಾವುದರಿಂದ ತಿಳಿಯುತ್ತಿತ್ತು? ಶಾಸನಗಳೆಂದರೆ ರಾಜರ ಬಿರುದುಗಳ ಪಟ್ಟಿ ಮಾತ್ರವಲ್ಲ. ಕೆರೆ ಕಟ್ಟಿಸಿದವರು, ಊರಿನ ದನಗಳನ್ನು ಕಾಯಲು ಹೋಗಿ ಮಡಿದ ವೀರರು, ಗುಡಿಯ ದೀಪಕ್ಕೆ ಎಣ್ಣೆ ಕೊಟ್ಟವರು ಇವರೆಲ್ಲರ ಹೆಸರುಗಳೂ ಅವುಗಳಲ್ಲಿ ಉಳಿದಿವೆ.

ರೈಸರು ಈ ಸಂಪತ್ತನ್ನು ಪ್ರಕಟಿಸಿದ ಕ್ರಮವೇ ಅವರ ಮನೋಧರ್ಮಕ್ಕೆ ಸಾಕ್ಷಿಯಾಗಿದೆ. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆಯನ್ನಿತ್ತು, ಅದು ಯಾವ ಊರಿನಲ್ಲಿ ಯಾವ ಗುಡಿಯ ಬಳಿ ಇದೆಯೆಂದು ನಮೂದಿಸಿದರು. ಪಾಠವನ್ನು ರೋಮನ್ ಲಿಪಿಯಲ್ಲಿ ಕೊಟ್ಟರು. ಅದು ದೂರದೇಶದ ವಿದ್ವಾಂಸರಿಗೆ ಬೇಕಾಗಿತ್ತು. ಇಂಗ್ಲಿಷ್ ಅನುವಾದವನ್ನೂ ಪೀಠಿಕೆಯನ್ನೂ ಬರೆದರು. ಅಷ್ಟಕ್ಕೆ ನಿಲ್ಲದೆ ಅದೇ ಪಾಠವನ್ನು ಇಂದಿನ ಕನ್ನಡ ಅಕ್ಷರಗಳಲ್ಲಿಯೂ ಅಚ್ಚುಹಾಕಿಸಿದರು. ಇದರಿಂದ ಇಂಗ್ಲಿಷ್ ಅರಿಯದ ಉಪಾಧ್ಯಾಯರೂ ಊರಿನ ಶಾನುಭೋಗರೂ ತಮ್ಮೂರಿನ ಕಲ್ಲಿನಲ್ಲಿ ಏನಿದೆಯೆಂದು ತಾವೇ ಓದಿಕೊಳ್ಳುವಂತಾಯಿತು. ಹೋಬಳಿಗೊಂದು ಶಾಲೆ ಬೇಕೆಂದ ಮನಸ್ಸೇ ಹೋಬಳಿಯ ಕಲ್ಲನ್ನೂ ಅಲ್ಲಿನ ಜನರ ಲಿಪಿಯಲ್ಲಿ ಮುದ್ರಿಸಿತು ಎಂದರೆ ತಪ್ಪಾಗಲಾರದು.

ಹಳೆಯ ಕನ್ನಡ ಕಾವ್ಯಗಳ ವಿಷಯದಲ್ಲಿಯೂ ಅವರು ಹೀಗೆಯೇ ನಡೆದುಕೊಂಡರು. ಓಲೆಗರಿಗಳಲ್ಲಿ ಅಡಗಿದ್ದ ಗ್ರಂಥಗಳನ್ನು ಹುಡುಕಿಸಿ ಬಿಬ್ಲಿಯೋಥಿಕ ಕರ್ನಾಟಿಕ ಎಂಬ ಮಾಲೆಯಲ್ಲಿ ಅಚ್ಚು ಮಾಡಿಸಿದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ, ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ, ಪಂಪಭಾರತ ಮುಂತಾದವು ಹೀಗೆ ಬೆಳಕು ಕಂಡವು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವು ಕೆ. ಬಿ. ಪಾಠಕರ ಸಂಪಾದನೆಯಲ್ಲಿ 1898ರಲ್ಲಿ ಇದೇ ಮಾಲೆಯಲ್ಲಿ ಹೊರಬಂದಿತು. ಇಂದು ಶಾಲಾಬಾಲಕರೂ ಪಂಪನ ಹೆಸರನ್ನು ಬಲ್ಲರು. ಅಂದು ಆ ಕಾವ್ಯದ ಪ್ರತಿಯನ್ನು ಕಂಡವರೇ ಬೆರಳೆಣಿಕೆಯಷ್ಟು ಮಂದಿ.

1892ರಲ್ಲಿ ರೈಸರು ಮಾಡಿದ ಶೋಧವೊಂದು ಇಡೀ ಭಾರತದ ಗಮನವನ್ನು ಸೆಳೆಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಅವರಿಗೆ ದೊರೆತವು. ಮೌರ್ಯರ ಪ್ರಭುತ್ವ ದಕ್ಷಿಣದಲ್ಲಿ ಇಷ್ಟು ದೂರ ಹಬ್ಬಿತ್ತೆಂಬುದಕ್ಕೆ ಅವು ಆಧಾರವಾದವು.

ಇಷ್ಟು ದೊಡ್ಡ ಕೆಲಸದಲ್ಲಿ ತಪ್ಪುಗಳು ನುಸುಳದಿರುವುದು ಸಾಧ್ಯವಿರಲಿಲ್ಲ. ಗಂಗರ ಹೆಸರಿನ ಕೆಲವು ತಾಮ್ರಪಟಗಳನ್ನು ರೈಸರು ನಿಜವಾದುವೆಂದು ನಂಬಿ, ಅವುಗಳ ಆಧಾರದ ಮೇಲೆ ಗಂಗರ ಚರಿತ್ರೆಯನ್ನು ರಚಿಸಿದ್ದರು. ಮುಂಬಯಿ ಪ್ರಾಂತದ ಅಧಿಕಾರಿಯೂ ದೊಡ್ಡ ಶಾಸನತಜ್ಞರೂ ಆಗಿದ್ದ ಫ್ಲೀಟರು ಅವು ಹಿಂದಿನವರು ಸೃಷ್ಟಿಸಿದ ಕೃತಕ ಪಟಗಳೆಂದು ಕಟುವಾಗಿ ಟೀಕಿಸಿದರು. ರೈಸರೂ ತಮ್ಮ ಪಕ್ಷವನ್ನು ಬಿಟ್ಟುಕೊಡದೆ ಉತ್ತರ ಕೊಟ್ಟರು. ಬಹುಕಾಲ ನಡೆದ ಈ ವಾದದಿಂದ ಇಬ್ಬರ ಮಾತಿನಲ್ಲಿಯೂ ಹುರುಳಿತ್ತೆಂಬುದು ಮುಂದಿನವರಿಗೆ ತಿಳಿಯಿತು. ಕೆಲವು ಪಟಗಳು ಕೃತಕವೆಂದೇ ನಿಂತವು. ಮತ್ತೆ ಕೆಲವನ್ನು ವಿದ್ವಾಂಸರು ಒಪ್ಪಿದರು. ಗಮನಿಸಬೇಕಾದ ಸಂಗತಿಯೆಂದರೆ, ರೈಸರು ತಮ್ಮ ತೀರ್ಮಾನವನ್ನಷ್ಟೇ ಹೇಳಿ ಆಧಾರವನ್ನು ಬಚ್ಚಿಟ್ಟುಕೊಂಡವರಲ್ಲ. ಮೂಲ ಪಾಠವನ್ನು ಎಲ್ಲರ ಮುಂದಿಟ್ಟಿದ್ದರಿಂದಲೇ ಅವರ ತಪ್ಪನ್ನು ಎತ್ತಿ ತೋರಿಸುವುದು ಇತರರಿಗೆ ಸಾಧ್ಯವಾಯಿತು. ತನ್ನನ್ನು ತಿದ್ದಲು ಬೇಕಾದ ಸಾಧನವನ್ನು ತಾನೇ ಓದುಗನ ಕೈಗೆ ಕೊಡುವುದು ನಿಜವಾದ ವಿದ್ವಾಂಸನ ಲಕ್ಷಣ.

1906ರಲ್ಲಿ ರೈಸರು ನಿವೃತ್ತರಾಗಿ ಇಂಗ್ಲೆಂಡಿಗೆ ತೆರಳಿದರು. ಆಗ ಅವರಿಗೆ ಅರವತ್ತೊಂಬತ್ತರ ಪ್ರಾಯ. ಅಲ್ಲಿಯೂ ಅವರ ಮನಸ್ಸು ಮೈಸೂರಿನ ಶಾಸನಗಳನ್ನು ಬಿಟ್ಟಿರಲಿಲ್ಲ. ತಾವು ಸಂಗ್ರಹಿಸಿದ ಸಾವಿರಾರು ಶಾಸನಗಳಿಂದ ದೊರೆತ ಚರಿತ್ರೆಯನ್ನೆಲ್ಲ ಒಂದೇ ಗ್ರಂಥದಲ್ಲಿ ಕ್ರೋಡೀಕರಿಸಿ 1909ರಲ್ಲಿ ಪ್ರಕಟಿಸಿದರು. 1927ರ ಜುಲೈ ತಿಂಗಳಲ್ಲಿ, ತೊಂಬತ್ತು ವರ್ಷ ತುಂಬುವ ಹೊತ್ತಿಗೆ, ಹ್ಯಾರೊ ಎಂಬಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಹುಟ್ಟಿ ಕನ್ನಡ ನಾಡನ್ನು ಊರೂರಾಗಿ ಬಲ್ಲವರಾಗಿದ್ದ ಅವರು ಕೊನೆಯುಸಿರೆಳೆದದ್ದು ಕನ್ನಡದ ಸದ್ದು ಕೇಳದ ದೂರದೇಶದಲ್ಲಿ.

ಅವರು ಹಚ್ಚಿದ ದೀಪ ಆರಲಿಲ್ಲ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು ಇಲಾಖೆಯ ಹೊಣೆಯನ್ನು ವಹಿಸಿಕೊಂಡರು. ಶಾಸನಗಳಿಂದ ದೊರೆತ ಸಂಗತಿಗಳನ್ನು ಬಳಸಿಕೊಂಡು ಕರ್ಣಾಟಕ ಕವಿಚರಿತೆಯನ್ನು ಕನ್ನಡದಲ್ಲಿಯೇ ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತರಲು ತೊಡಗಿತು. ಗುಂಡ್ಲುಪೇಟೆ ತಾಲ್ಲೂಕಿನ ಶಾಸನಗಳು 1974ರ ಸಂಪುಟದಲ್ಲಿಯೂ ಚಾಮರಾಜನಗರ ತಾಲ್ಲೂಕಿನವು 1975ರ ಸಂಪುಟದಲ್ಲಿಯೂ ಬಂದವು. ರೈಸರ ಕಣ್ಣಿಗೆ ಬೀಳದಿದ್ದ ಶಾಸನಗಳು ಅವುಗಳಲ್ಲಿ ಸೇರಿದವು; ಅವರ ಪಾಠಗಳಲ್ಲಿದ್ದ ದೋಷಗಳು ತಿದ್ದಲ್ಪಟ್ಟವು. ಆದರೆ ಹಳೆಯ ಸಂಪುಟದ ಬೆಲೆ ಇದರಿಂದ ಕುಗ್ಗಲಿಲ್ಲ. ಏಕೆಂದರೆ ರೈಸರ ಕಾಲದಲ್ಲಿದ್ದ ಕಲ್ಲುಗಳಲ್ಲಿ ಕೆಲವು ಈಗ ಇಲ್ಲ. ಗುಡಿಯನ್ನು ಹೊಸದಾಗಿ ಕಟ್ಟುವಾಗ, ರಸ್ತೆಯನ್ನು ಅಗಲಿಸುವಾಗ, ಹೊಲವನ್ನು ಸಮ ಮಾಡುವಾಗ ಅವು ಕಾಣೆಯಾದವು. ಅಂಥ ಕಲ್ಲಿನ ಮಾತು ಇಂದು ಉಳಿದಿರುವುದು ಅಂದು ಅಚ್ಚಾದ ಹಾಳೆಯಲ್ಲಿ ಮಾತ್ರ.

ಇದರಲ್ಲಿ ಪ್ರತಿಯೊಂದು ಊರಿನ ವಿದ್ಯಾರ್ಥಿಗಳಿಗೂ ಒಂದು ಸೂಚನೆಯಿದೆ. ಊರಿನ ಶಾಸನವನ್ನು ಕಾಯಲು ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಅದರ ಮೇಲೆ ಸುಣ್ಣ ಬಣ್ಣ ಬಳಿಯದಂತೆ, ಅದನ್ನು ಕೀಳದಂತೆ, ಒಡೆಯದಂತೆ ನೋಡಿಕೊಂಡರೆ ಸಾಕು. ಅದರಲ್ಲಿ ನಿಧಿಯ ಗುರುತಿಲ್ಲವೆಂದು ಹಿರಿಯರಿಗೆ ತಿಳಿಯಹೇಳಿದರೆ ಸಾಕು. ಆ ಕಲ್ಲಿನಲ್ಲಿ ಏನಿದೆಯೆಂದು ತಿಳಿಯುವ ಆಸೆ ಹುಟ್ಟಿದರೆ, ಗ್ರಂಥಾಲಯದಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವನ್ನು ತೆಗೆದು ತಮ್ಮ ತಾಲ್ಲೂಕಿನ ಪುಟಗಳನ್ನು ಹುಡುಕಬಹುದು. ಊರಿನ ಹೆಸರು, ಕಲ್ಲು ಇರುವ ಜಾಗ, ಅದರ ಸಂಖ್ಯೆ, ಅದರ ಕೆಳಗೆ ಕನ್ನಡ ಅಕ್ಷರಗಳಲ್ಲಿ ಅದರ ಪಾಠ ಎಲ್ಲವೂ ಅಲ್ಲಿ ದೊರೆಯುತ್ತವೆ. ಶಾಲೆಗಳನ್ನು ನೋಡಲು ಬಂದ ಇನ್‌ಸ್ಪೆಕ್ಟರರೊಬ್ಬರು ದಾರಿಯಲ್ಲಿ ನಿಂತು ಆ ಕಲ್ಲುಗಳನ್ನೂ ನೋಡಿದ್ದರ ಫಲ ಅದು.